ಪ್ರಶ್ನಿಸುವುದು ಬೇರೆ, ವಿವರಿಸುವುದು ಬೇರೆ: ಧಾರ್ಮಿಕ ನಂಬಿಕೆಯ ಮುಂದೆ ತರ್ಕದ ಕೆಲಸವೇನು

ಯುರೋಪಿನ ಎಷ್ಟೋ ಹಳೆಯ ಚರ್ಚುಗಳ ಗಂಟೆಗಳ ಮೇಲೆ ‘ಫುಲ್ಗುರ ಫ್ರಾಂಗೊ’ ಎಂಬ ಎರಡು ಲ್ಯಾಟಿನ್ ಪದಗಳನ್ನು ಅಚ್ಚೊತ್ತಿರುತ್ತಿದ್ದರು. ‘ಸಿಡಿಲನ್ನು ಮುರಿಯುತ್ತೇನೆ’ ಎಂದು ಅದರ ಅರ್ಥ. ಮೋಡ ಕವಿದು ಗುಡುಗು ಶುರುವಾಯಿತೆಂದರೆ ಗಂಟೆ ಬಾರಿಸಬೇಕು, ವಿಧಿಪೂರ್ವಕವಾಗಿ ಪವಿತ್ರಗೊಳಿಸಿದ ಆ ಗಂಟೆಯ ನಾದಕ್ಕೆ ಬಿರುಗಾಳಿ ಎಬ್ಬಿಸುವ ದುಷ್ಟಶಕ್ತಿಗಳು ಚದುರಿಹೋಗುತ್ತವೆ ಎಂಬುದು ಶತಮಾನಗಳ ಕಾಲ ಅಲ್ಲಿ ಬಲವಾಗಿದ್ದ ನಂಬಿಕೆ. ಊರಿಗೆಲ್ಲ ಎತ್ತರವಾದ ಗೋಪುರ, ಅದರೊಳಗೆ ಲೋಹದ ಗಂಟೆ, ಗಂಟೆಯಿಂದ ಇಳಿಬಿದ್ದ, ಮಳೆಯ ತೇವ ಹೀರಿದ ಹಗ್ಗ, ಆ ಹಗ್ಗವನ್ನು ಎರಡೂ ಕೈಗಳಿಂದ ಹಿಡಿದು ಜಗ್ಗುವ ಒಬ್ಬ ಬಡ ನೌಕರ. ಸಿಡಿಲಿಗೆ ಬೇಕೆಂದೇ ದಾರಿ ಮಾಡಿಕೊಡಲು ಹೊರಟಿದ್ದರೂ ಇಷ್ಟು ಚೆನ್ನಾಗಿ ಮಾಡಲು ಆಗುತ್ತಿರಲಿಲ್ಲ. 1784ರಲ್ಲಿ ಮ್ಯೂನಿಕ್‌ನಲ್ಲಿ ಪ್ರಕಟವಾದ ಪುಸ್ತಕವೊಂದು, ಹಿಂದಿನ 33 ವರ್ಷಗಳಲ್ಲಿ 386 ಚರ್ಚ್ ಗೋಪುರಗಳಿಗೆ ಸಿಡಿಲು ಬಡಿದು, ಗಂಟೆ ಬಾರಿಸುತ್ತಿದ್ದ 103 ಮಂದಿ ಸತ್ತರೆಂದು ಲೆಕ್ಕ ಕೊಟ್ಟಿತು.

ಮಿಂಚು ಎಂದರೆ ವಿದ್ಯುತ್ತೇ ಎಂಬುದು ಅದಕ್ಕೂ ಮೂರು ದಶಕ ಮೊದಲು, 1752ರಲ್ಲೇ, ಪ್ರಯೋಗಗಳಿಂದ ಗೊತ್ತಾಗಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಮಿಂಚುವಾಹಕ, ಅಂದರೆ ಕಟ್ಟಡದ ತುದಿಯಿಂದ ನೆಲದವರೆಗೆ ಇಳಿಯುವ ಲೋಹದ ಸರಳು, ಹಲವೆಡೆ ಬಳಕೆಗೂ ಬಂದಿತ್ತು. ದೇವರ ಕೋಪದ ಅಸ್ತ್ರವನ್ನು ತಡೆಯಲು ಮನುಷ್ಯ ಯಾರು ಎಂಬ ಆಕ್ಷೇಪವೂ ಎದ್ದಿತು. ಕ್ರಮೇಣ ಆ ಸರಳು ಚರ್ಚಿನ ನೆತ್ತಿಗೇ ಏರಿತು. ಇಂದು ಅದಿಲ್ಲದ ದೊಡ್ಡ ಆರಾಧನಾ ಮಂದಿರ, ಯಾವ ಧರ್ಮದ್ದೇ ಆಗಲಿ, ಸಿಗುವುದು ಕಷ್ಟ. ಆದರೆ ಸರಳು ಮೇಲೇರಿತೆಂದು ಕೆಳಗೆ ಪ್ರಾರ್ಥನೆ ನಿಲ್ಲಲಿಲ್ಲ. ಗಂಟೆ ಸಿಡಿಲನ್ನು ಮುರಿಯುತ್ತದೆ ಎಂಬ ನಂಬಿಕೆ ಸತ್ತಿತು, ದೇವರಿದ್ದಾನೆ ಎಂಬ ನಂಬಿಕೆ ಉಳಿಯಿತು. ಎರಡನ್ನೂ ನಾವು ‘ನಂಬಿಕೆ’ ಎಂದೇ ಕರೆಯುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿಂದ.

ಧಾರ್ಮಿಕ ನಂಬಿಕೆಯನ್ನು ಪ್ರಶ್ನಿಸಬೇಕೇ, ಅದಕ್ಕೆ ವೈಚಾರಿಕ ವಿವರಣೆ ಇರಬೇಕೇ ಎಂದು ಒಂದೇ ಉಸಿರಿನಲ್ಲಿ ಕೇಳುವುದು ರೂಢಿ. ಉಸಿರು ಒಂದಾದರೂ ಪ್ರಶ್ನೆಗಳು ಎರಡು, ಒಂದಕ್ಕೆ ಹೌದು ಎಂದವರು ಇನ್ನೊಂದಕ್ಕೂ ತಲೆಯಾಡಿಸಬೇಕಾಗಿಲ್ಲ. ಪ್ರಶ್ನಿಸುವುದೆಂದರೆ ಈ ನಂಬಿಕೆ ನಿಜವೇ, ನ್ಯಾಯವೇ, ಇದರ ಭಾರ ಯಾರ ಮೇಲೆ ಬೀಳುತ್ತದೆ ಎಂದು ಕೇಳುವುದು. ವಿವರಿಸುವುದೆಂದರೆ ಇದು ಎಲ್ಲಿಂದ ಬಂತು, ಇದರ ಹಿಂದಿನ ಕಾರಣವೇನು ಎಂದು ಹೇಳುವುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಪ್ರಶ್ನೆಯಿಂದ ಯಾವ ನಂಬಿಕೆಗೂ ವಿನಾಯಿತಿ ಇಲ್ಲ, ಆದರೆ ಪ್ರಶ್ನೆ ಎಷ್ಟು ಬಿಗಿಯಾಗಿರಬೇಕು ಎಂಬುದು ಆ ನಂಬಿಕೆಯ ಪರಿಣಾಮವನ್ನು ಯಾರು ಉಣ್ಣುತ್ತಾರೆ ಎಂಬುದರ ಮೇಲೆ ನಿಂತಿದೆ. ವಿವರಣೆಯ ಬಗ್ಗೆ ನಾವು ಇಂದು ತೋರುತ್ತಿರುವ ಉತ್ಸಾಹ ಮಾತ್ರ ಅತಿಯಾಯಿತು. ಅದು ಅನೇಕ ವೇಳೆ ಪ್ರಶ್ನೆಯಿಂದ ನುಣುಚಿಕೊಳ್ಳುವ ಉಪಾಯವಾಗಿಬಿಟ್ಟಿದೆ.

ಕನ್ನಡದ ‘ನಂಬು’ ಎಂಬ ಕ್ರಿಯಾಪದ ಎರಡು ಕೆಲಸ ಮಾಡುತ್ತದೆ. ‘ನಾಳೆ ಮಳೆ ಬರುತ್ತದೆಂದು ನಂಬಿದ್ದೇನೆ’ ಎಂದಾಗ ಅಲ್ಲಿ ಲೋಕದ ಬಗ್ಗೆ ಒಂದು ಹೇಳಿಕೆ ಇದೆ, ನಾಳೆಯ ಹೊತ್ತಿಗೆ ಅದು ಸರಿಯೋ ತಪ್ಪೋ ತಿಳಿದುಹೋಗುತ್ತದೆ. ‘ನಿನ್ನನ್ನೇ ನಂಬಿ ಬಂದಿದ್ದೇನೆ’ ಎಂದಾಗ ಇರುವುದು ತನ್ನನ್ನು ಒಪ್ಪಿಸಿಕೊಳ್ಳುವ ಭಾವ. ನಂಬಿಕಸ್ಥ, ನಂಬಿಕೆದ್ರೋಹ ಎಂಬ ಪದಗಳು ಈ ಎರಡನೆಯ ಅರ್ಥದಿಂದ ಹುಟ್ಟಿದವು. ಭಕ್ತನ ಮನಸ್ಸಿನಲ್ಲಿ ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ವಿಚಾರವಾದಿ ಮೊದಲನೆಯ ಎಳೆಯನ್ನು ಹಿಡಿದು ಪುರಾವೆ ಕೇಳುತ್ತಾನೆ, ಭಕ್ತನಿಗೆ ಎಳೆದಂತಾಗುವುದು ಎರಡನೆಯ ಎಳೆ. ಹೆತ್ತ ತಾಯಿಯನ್ನು ನಂಬುತ್ತೇನೆ ಎಂದವನಿಗೆ ಸಾಕ್ಷಿ ತಾ ಎಂದಂತೆ ಅವನಿಗೆ ಕೇಳಿಸುತ್ತದೆ. ಇನ್ನು ‘ಮೂಢನಂಬಿಕೆ’ ಎಂಬ ಪದದ ವ್ಯಾಕರಣವೇ ವಿಚಿತ್ರ, ಅದಕ್ಕೆ ಉತ್ತಮ ಪುರುಷವಿಲ್ಲ. ಅವನ ಮೂಢನಂಬಿಕೆ ಇದೆ, ಅವರ ಮೂಢನಂಬಿಕೆ ಇದೆ, ‘ನನ್ನ ಮೂಢನಂಬಿಕೆ’ ಎಂದು ವರ್ತಮಾನ ಕಾಲದಲ್ಲಿ ಹೇಳಿದವರನ್ನು ನಾನಂತೂ ಕಂಡಿಲ್ಲ. ನಮ್ಮ ಮನೆಯಲ್ಲಿ ಅದರ ಹೆಸರು ಸಂಪ್ರದಾಯ.

1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ ಈ ಚರ್ಚೆಗೆ ಒಂದು ದೃಷ್ಟಾಂತ ಕೊಟ್ಟ. ಒಬ್ಬ ಮಾಲೀಕನ ಹಡಗು ವಲಸೆ ಹೊರಟ ಕುಟುಂಬಗಳನ್ನು ಹೊತ್ತು ಸಮುದ್ರಕ್ಕಿಳಿಯಬೇಕಿದೆ. ಹಡಗು ಹಳೆಯದು, ಎಷ್ಟೋ ಸಲ ರಿಪೇರಿಯಾದದ್ದು, ಇದು ಸುರಕ್ಷಿತವಲ್ಲವೇನೋ ಎಂಬ ಅನುಮಾನ ಅವನಿಗೇ ಬಂದಿದೆ. ಪರೀಕ್ಷೆ ಮಾಡಿಸಿದರೆ ಖರ್ಚು. ಇಷ್ಟು ಬಿರುಗಾಳಿಗಳನ್ನು ದಾಟಿ ಬಂದಿದೆ, ಈ ಸಲವೂ ಬರುತ್ತದೆ, ಮನೆಮಾರು ಬಿಟ್ಟು ಹೊರಟ ಈ ಬಡಪಾಯಿಗಳನ್ನು ದೇವರು ಕೈಬಿಡಲಾರ ಎಂದು ಅವನು ಮನಸ್ಸನ್ನು ಒಪ್ಪಿಸುತ್ತಾನೆ, ಕೊನೆಗೆ ಅದನ್ನು ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಹಡಗು ನಡುಗಡಲಿನಲ್ಲಿ ಮುಳುಗುತ್ತದೆ, ಅವನು ವಿಮೆಯ ಹಣ ಎಣಿಸಿಕೊಂಡು ಸುಮ್ಮನಾಗುತ್ತಾನೆ. ಕ್ಲಿಫರ್ಡನ ತೀರ್ಪು ಕಠೋರವಾಗಿತ್ತು: ನಂಬಿಕೆ ಪ್ರಾಮಾಣಿಕವಾಗಿದ್ದರೂ ಅವನು ಆ ಸಾವುಗಳಿಗೆ ಹೊಣೆ, ಏಕೆಂದರೆ ಕೈಯಲ್ಲಿದ್ದ ಪುರಾವೆಯಿಂದ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ, ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಅವನ ತಪ್ಪು ತಪ್ಪೇ. ಅಲ್ಲಿಂದ ಮುಂದೆ ಹೋಗಿ, ಸಾಲದ ಪುರಾವೆಯ ಮೇಲೆ ಏನನ್ನೇ ನಂಬುವುದು ಯಾರಿಗೇ ಆದರೂ, ಯಾವಾಗಲೂ ತಪ್ಪು ಎಂಬ ನಿಯಮವನ್ನೇ ಅವನು ಮಾಡಿಬಿಟ್ಟ.

ಇದಕ್ಕೆ ಪ್ರಸಿದ್ಧವಾದ ಉತ್ತರ 1896ರಲ್ಲಿ ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್‌ನಿಂದ ಬಂತು. ಬುದ್ಧಿಯಿಂದ ಇತ್ಯರ್ಥವಾಗದ, ಮುಂದೂಡಲು ಬಾರದ, ಬದುಕಿನ ದಿಕ್ಕನ್ನೇ ಬದಲಿಸಬಲ್ಲ ಆಯ್ಕೆಗಳು ಎದುರಾದಾಗ ಪುರಾವೆ ಬರಲಿ ಎಂದು ಕಾಯುವುದೂ ಒಂದು ಆಯ್ಕೆಯೇ, ಅಲ್ಲಿ ಹೃದಯದ ಒಲವಿನಂತೆ ನಿರ್ಧರಿಸುವ ಹಕ್ಕು ಮನುಷ್ಯನಿಗಿದೆ ಎಂಬುದು ಅವನ ವಾದ. ಇಬ್ಬರೂ ಸರಿ ಎಂದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಕಾಣುವುದು ಬೇರೆ. ಕ್ಲಿಫರ್ಡನ ನಿಯಮಕ್ಕಿಂತ ಅವನ ದೃಷ್ಟಾಂತ ಹೆಚ್ಚು ಬುದ್ಧಿವಂತಿಕೆಯದು. ಅದೇ ಮಾಲೀಕ ಒಬ್ಬನೇ ಆ ಹಡಗು ಹತ್ತಿ ಹೊರಟಿದ್ದರೆ ನಾವು ಅವನನ್ನು ಹುಂಬ ಎನ್ನುತ್ತಿದ್ದೆವು, ಅಪರಾಧಿ ಎನ್ನುತ್ತಿರಲಿಲ್ಲ. ಅಪರಾಧವಾದದ್ದು ಹಡಗಿನಲ್ಲಿ ಬೇರೆಯವರಿದ್ದದ್ದರಿಂದ, ಅವರಿಗೆ ಹಡಗಿನ ಸ್ಥಿತಿ ಗೊತ್ತಿಲ್ಲದ್ದರಿಂದ. ಜೇಮ್ಸ್ ಹೇಳುವ ಹಕ್ಕು ಒಬ್ಬಂಟಿ ಪ್ರಯಾಣಿಕನದು. ಹಗ್ಗ ಜಗ್ಗುವವನನ್ನು ಗೋಪುರದ ಕೆಳಗೆ ನಿಲ್ಲಿಸಿ ತಾನು ಮನೆಯೊಳಗೆ ಕುಳಿತವನಿಗೆ ಆ ಹಕ್ಕು ಸಲ್ಲುವುದಿಲ್ಲ.

ಲೋಕದ ಬಗ್ಗೆ ಹೇಳಿಕೆ ಕೊಡುವ ನಂಬಿಕೆಗಳ ವಿಷಯದಲ್ಲಿ ಧರ್ಮಗಳ ಒಳಗೇ ಬಹಳ ಹಿಂದೆ ತೀರ್ಮಾನವಾಗಿದೆ, ನಾವು ಅದನ್ನು ಮರೆತಿದ್ದೇವೆ ಅಷ್ಟೆ. ಗೀತೆಗೆ ಭಾಷ್ಯ ಬರೆಯುತ್ತ ಶಂಕರಾಚಾರ್ಯರು, ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿವಾಕ್ಯಗಳು ಹೇಳಿದರೂ ಅದು ಪ್ರಮಾಣವಾಗದು ಎನ್ನುತ್ತಾರೆ. ಅವರಿಗಿಂತ ಮೂರು ನಾಲ್ಕು ಶತಮಾನ ಮೊದಲು ಕ್ರೈಸ್ತ ಸಂತ ಅಗಸ್ಟೀನ್, ನಕ್ಷತ್ರಗಳ ಚಲನೆಯಂಥ ವಿಷಯಗಳಲ್ಲಿ ಧರ್ಮಗ್ರಂಥದ ಹೆಸರು ಹೇಳಿಕೊಂಡು ಅಸಂಬದ್ಧ ಮಾತಾಡುವ ಕ್ರೈಸ್ತರಿಂದ ಗ್ರಂಥಕ್ಕೇ ಅಪಹಾಸ್ಯ ಎಂದು ಎಚ್ಚರಿಸಿದ್ದ. 12ನೆಯ ಶತಮಾನದ ಮುಸ್ಲಿಂ ತತ್ತ್ವಜ್ಞಾನಿ ಇಬ್ನ್ ರುಶ್ದ್, ಸತ್ಯಕ್ಕೆ ಸತ್ಯ ವಿರೋಧಿಯಾಗಲಾರದು, ತರ್ಕದಿಂದ ಸಿದ್ಧವಾದದ್ದಕ್ಕೆ ಗ್ರಂಥದ ಮೇಲ್ಮೈ ಅರ್ಥ ಅಡ್ಡ ಬಂದರೆ ಆ ಅರ್ಥವನ್ನು ರೂಪಕವಾಗಿ ಓದಬೇಕು ಎಂದ. ಮೂವರೂ ತಮ್ಮ ತಮ್ಮ ಧರ್ಮದ ಕಟ್ಟಾ ಶ್ರದ್ಧಾವಂತರು. ಅಗಸ್ಟೀನನ ಇದೇ ಮಾತನ್ನು ಗೆಲಿಲಿಯೋ 1615ರ ತನ್ನ ಪತ್ರದಲ್ಲಿ ಎತ್ತಿ ತೋರಿಸಿದ್ದ. ಆದರೂ 1633ರಲ್ಲಿ ಅವನಿಗೆ ಶಿಕ್ಷೆಯಾಯಿತು, ಆ ಪ್ರಕರಣದಲ್ಲಿ ತಪ್ಪಾಗಿತ್ತೆಂದು ಪೋಪ್ ಎರಡನೆಯ ಜಾನ್ ಪಾಲ್ ಒಪ್ಪಿದ್ದು 1992ರಲ್ಲಿ.

ಪ್ರಾರ್ಥನೆಯಿಂದ ರೋಗಿ ಗುಣವಾಗುತ್ತಾನೆಯೇ ಎಂಬುದು ಈ ಬಗೆಯ ಹೇಳಿಕೆ, ಅದನ್ನೂ ಪರೀಕ್ಷೆಗೆ ಒಡ್ಡಿದ್ದಾರೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಮೊದಲ ಗುಂಪಿನವರಿಗಾಗಿ ಅಪರಿಚಿತರು ಪ್ರಾರ್ಥಿಸಿದರು, ಎರಡನೆಯವರಿಗಾಗಿ ಪ್ರಾರ್ಥಿಸಲಿಲ್ಲ, ತಾವು ಯಾವ ಗುಂಪು ಎಂದು ಈ ಇಬ್ಬರಿಗೂ ತಿಳಿದಿರಲಿಲ್ಲ. ಮೂರನೆಯ ಗುಂಪಿಗೆ ‘ನಿಮಗಾಗಿ ಪ್ರಾರ್ಥನೆ ನಡೆಯುತ್ತದೆ’ ಎಂದು ಖಚಿತವಾಗಿ ಹೇಳಿದ್ದರು. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳು ಮೊದಲ ಗುಂಪಿನಲ್ಲಿ ಶೇ. 52, ಎರಡನೆಯದರಲ್ಲಿ ಶೇ. 51, ಮೂರನೆಯದರಲ್ಲಿ ಶೇ. 59 ಮಂದಿಯಲ್ಲಿ ಕಾಣಿಸಿಕೊಂಡವು. ಪ್ರಾರ್ಥನೆಯ ಫಲವನ್ನು ಔಷಧದ ಫಲದಂತೆ ಅಳೆಯಬಹುದು ಎನ್ನುವವರಿಗೆ ಇದು ಉತ್ತರ. ನಾಸ್ತಿಕರು ಇದನ್ನು ಗೆಲುವೆಂದು ಸಾರಿದರು, ಆಸ್ತಿಕರಲ್ಲಿ ಅನೇಕರು ದೇವರೇನು ಪ್ರಯೋಗಾಲಯದ ಇಲಿಯೇ ಎಂದು ಸಿಡುಕಿದರು. ಆಸ್ತಿಕರ ಸಿಡುಕಿನಲ್ಲಿ ಹುರುಳಿದೆ, ಒಂದು ಷರತ್ತಿನ ಮೇಲೆ: ಹಾಗೆ ಹೇಳುವವರು ನಾಳೆ ಯಾರೋ ಗುಣವಾದ ಸುದ್ದಿಯನ್ನು ಪ್ರಾರ್ಥನೆಯ ಪುರಾವೆ ಎಂದು ತರಬಾರದು. ತಕ್ಕಡಿಯನ್ನು ಗೆದ್ದಾಗ ಮಾತ್ರ ಒಪ್ಪುವುದು ವ್ಯಾಪಾರದಲ್ಲೂ ನಡೆಯದ ಮಾತು.

ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ನಾನೂ ಕಾದು ಕುಳಿತಿದ್ದೆ. ಎದುರಿನ ಬೆಂಚಿನಲ್ಲಿ ಒಬ್ಬ ವೃದ್ಧರು ಅಂಗೈಯಗಲದ ಪ್ರಾರ್ಥನಾ ಪುಸ್ತಕವೊಂದನ್ನು ಹಿಡಿದಿದ್ದರು. ಒಂದು ಗಂಟೆಗೂ ಮೀರಿ ಅವರು ಪುಟ ತಿರುಗಿಸಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಬಾಗಿಲು ತೆರೆದು ವೈದ್ಯರು ಬಂದಾಗ ಅವರು ಪುಟಗಳ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿ ಎದ್ದು ನಿಂತರು, ಮೂರು ಪ್ರಶ್ನೆ ಕೇಳಿದರು: ರಕ್ತ ಎಷ್ಟು ಹೋಯಿತು, ಎಚ್ಚರ ಯಾವಾಗ ಬರಬಹುದು, ಬಾಯಿ ಒಣಗಿದರೆ ನೀರು ಕೊಡಬಹುದೇ. ಅಲ್ಲಿದ್ದ ನಮ್ಮಲ್ಲಿ ಯಾರೂ ಅಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ. ಉತ್ತರ ಕೇಳಿಸಿಕೊಂಡು ಕುಳಿತು, ಬೆರಳಿದ್ದ ಪುಟವನ್ನೇ ಮತ್ತೆ ತೆರೆದರು. ಆ ಹೊತ್ತಿನಲ್ಲಿ ಶೇ. 52 ಮತ್ತು 51ರ ಲೆಕ್ಕವನ್ನು ಅವರ ಮುಂದಿಡುವುದು ಅಸಭ್ಯತೆ ಮಾತ್ರವಲ್ಲ, ಅಪ್ರಸ್ತುತವೂ ಹೌದು. ಪ್ರಿಯರ ಚಿತ್ರಕ್ಕೆ ಮುತ್ತಿಡುವವನು ಅದರಿಂದ ಚಿತ್ರದಲ್ಲಿರುವವರ ಮೇಲೆ ಪರಿಣಾಮವಾಗುತ್ತದೆಂದು ಲೆಕ್ಕ ಹಾಕಿ ಮುತ್ತಿಡುವುದಿಲ್ಲ ಎಂದು ತತ್ತ್ವಜ್ಞಾನಿ ವಿಟ್ಗೆನ್‌ಸ್ಟೈನ್ ಹೇಳಿದ್ದು ಇಂಥದ್ದರ ಬಗ್ಗೆ. ಆ ವೃದ್ಧರು ಅದೇ ಪುಸ್ತಕವನ್ನು ತೋರಿಸಿ ಶಸ್ತ್ರಚಿಕಿತ್ಸೆಯೇ ಬೇಡ ಎಂದಿದ್ದರೆ ಮಾತ್ರ ಪುರಾವೆ ಕೇಳುವುದು ನಮ್ಮೆಲ್ಲರ ಕರ್ತವ್ಯವಾಗುತ್ತಿತ್ತು.

ಇನ್ನು ವಿವರಣೆಯ ಮಾತು. ಯಾವುದೇ ವಿಧಿನಿಷೇಧವನ್ನು ಎತ್ತಿಕೊಳ್ಳಿ, ‘ಇದರ ಹಿಂದಿರುವ ವೈಜ್ಞಾನಿಕ ಕಾರಣ’ ಎಂಬ ಶೀರ್ಷಿಕೆಯ ಸಂದೇಶವೊಂದು ಮೊಬೈಲಿನಲ್ಲಿ ಸಿದ್ಧವಾಗಿರುತ್ತದೆ. ಅದರಲ್ಲಿ ರಕ್ತಪರಿಚಲನೆ ಇರುತ್ತದೆ, ಕಿರಣಗಳಿರುತ್ತವೆ, ಕಾಂತಶಕ್ತಿ ಇರುತ್ತದೆ, ಯಾರು ಎಲ್ಲಿ ಪರೀಕ್ಷಿಸಿದರು ಎಂಬುದೊಂದು ಇರುವುದಿಲ್ಲ. ನಂಬಿಕೆಗೂ ವಿಜ್ಞಾನಕ್ಕೂ ಒಟ್ಟಿಗೆ ಗೌರವ ಸಲ್ಲಿಸಿದಂತೆ ಇದು ಕಾಣುತ್ತದೆ, ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಯಹೂದಿ ಧರ್ಮದಲ್ಲಿ ಹಂದಿಮಾಂಸಕ್ಕಿರುವ ನಿಷೇಧ ಇದಕ್ಕೆ ಒಳ್ಳೆಯ ಉದಾಹರಣೆ. 12ನೆಯ ಶತಮಾನದಲ್ಲಿ ಯಹೂದಿ ಪಂಡಿತನೂ ವೈದ್ಯನೂ ಆಗಿದ್ದ ಮೈಮೋನಿಡೀಸ್, ಆ ಪ್ರಾಣಿಯ ಆಹಾರ ಮತ್ತು ಅಭ್ಯಾಸಗಳು ಹೊಲಸು, ಅದೇ ಮುಖ್ಯ ಕಾರಣ ಎಂದ. 19ನೆಯ ಶತಮಾನದಲ್ಲಿ ಟ್ರೈಕಿನೆಲ್ಲ ಎಂಬ ಪರಾವಲಂಬಿ ಹುಳು ಸರಿಯಾಗಿ ಬೇಯಿಸದ ಹಂದಿಮಾಂಸದಿಂದ ಮನುಷ್ಯನ ದೇಹ ಸೇರುತ್ತದೆ ಎಂದು ಗೊತ್ತಾದಾಗ, ಇಗೋ ಪುರಾತನರಿಗೆ ಇದೆಲ್ಲ ತಿಳಿದಿತ್ತು ಎಂಬ ವಿವರಣೆ ಹುಟ್ಟಿಕೊಂಡಿತು.

ಈ ವಿವರಣೆ ನಿಜವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಮಾಂಸವನ್ನು ಚೆನ್ನಾಗಿ ಬೇಯಿಸಿದ ದಿನ ನಿಷೇಧ ಮುಗಿಯಬೇಕು. ಮುಗಿಯುವುದಿಲ್ಲ. ಶ್ರದ್ಧಾವಂತ ಯಹೂದಿ ಪ್ರಯೋಗಾಲಯದ ಪ್ರಮಾಣಪತ್ರ ನೋಡಿ ಹಂದಿ ತಿನ್ನಲು ತೊಡಗುವುದಿಲ್ಲ. ಅಂದಮೇಲೆ ಅವನು ಆ ನಿಯಮವನ್ನು ಪಾಲಿಸುತ್ತಿರುವುದು ಹುಳುವಿಗೆ ಹೆದರಿ ಅಲ್ಲ. ದೇವರ ಆಜ್ಞೆ ಎಂದು, ತನ್ನ ಜನರ ಗುರುತು ಎಂದು. ಅದೇ ನಿಷೇಧಪಟ್ಟಿಯಲ್ಲಿ ಒಂಟೆಯೂ ಇದೆ, ಮೊಲವೂ ಇದೆ, ಈಜುರೆಕ್ಕೆ ಮತ್ತು ಹುರುಪೆ ಇಲ್ಲದ ಜಲಚರಗಳೂ ಇವೆ. ಹುಳುವಿನ ವಿವರಣೆ ಅವುಗಳ ಹತ್ತಿರವೂ ಸುಳಿಯುವುದಿಲ್ಲ. ತಾನು ವರ್ಗೀಕರಿಸಿಕೊಂಡ ಜಗತ್ತಿನಲ್ಲಿ ಯಾವ ವರ್ಗಕ್ಕೂ ಸರಿಯಾಗಿ ಹೊಂದದ ಜೀವಿಗಳನ್ನು ಆ ಸಮಾಜ ಅಶುದ್ಧವೆಂದು ಕಂಡಿತು ಎಂದು ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಕೊಟ್ಟ ವಿವರಣೆ ಇದಕ್ಕಿಂತ ಎಷ್ಟೋ ಪಾಲು ಮೇಲು, ಏಕೆಂದರೆ ಅದು ಪಟ್ಟಿಯನ್ನು ಇಡಿಯಾಗಿ ನೋಡುತ್ತದೆ, ನಿಯಮವನ್ನು ಆರೋಗ್ಯ ಇಲಾಖೆಯ ಸುತ್ತೋಲೆಯ ಮಟ್ಟಕ್ಕೆ ಇಳಿಸುವುದಿಲ್ಲ. ‘ವೈಜ್ಞಾನಿಕ ಕಾರಣ’ ಹುಡುಕುವವರು ಗಮನಿಸಬೇಕಾದ ಅಪಾಯ ಇದು: ನಂಬಿಕೆಯನ್ನು ವಿಜ್ಞಾನದ ಗೂಟಕ್ಕೆ ಕಟ್ಟಿದರೆ ಗೂಟ ಕಿತ್ತ ದಿನ ನಂಬಿಕೆಯೂ ಹೋಗಬೇಕು. ಹೋಗಬೇಕಾಗಿಲ್ಲ ಎನ್ನುವುದಾದರೆ ಅದನ್ನು ಅಲ್ಲಿ ಕಟ್ಟಿದ್ದು ಏತಕ್ಕೆ? ಅನೇಕ ವೇಳೆ ಉತ್ತರ ಸರಳ. ಈ ನಿಯಮ ನ್ಯಾಯವೇ ಎಂದು ಮನೆಯ ಹೆಣ್ಣುಮಗಳೋ ಹುಡುಗನೋ ಕೇಳಿದಾಗ, ‘ಅದಕ್ಕೆ ವೈಜ್ಞಾನಿಕ ಕಾರಣವಿದೆ’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ವಿವರಣೆಯ ಚಟ ವಿಚಾರವಾದಿಗಳಿಗೂ ಇದೆ, ಅವರದು ಇನ್ನೊಂದು ಬಗೆ. ದೇವರ ಕಲ್ಪನೆ ಭಯದಿಂದ ಹುಟ್ಟಿತು, ಸಮಾಜ ತನ್ನನ್ನೇ ದೇವರಾಗಿ ಪೂಜಿಸಿಕೊಳ್ಳುತ್ತದೆ, ಪೊದೆ ಅಲುಗಿದರೆ ಅಲ್ಲಿ ಯಾರೋ ಇದ್ದಾರೆಂದು ಊಹಿಸುವಂತೆ ಮಿದುಳು ವಿಕಾಸಗೊಂಡಿದೆ, ಅದೇ ಊಹೆ ಆಕಾಶದವರೆಗೂ ಹಬ್ಬಿತು ಎಂಬಂಥವು. ಇವುಗಳಲ್ಲಿ ಕೆಲವು ನಿಜವಿರಬಹುದು, ಅಧ್ಯಯನಕ್ಕೆ ಯೋಗ್ಯವೂ ಹೌದು. ಆದರೆ ನಂಬಿಕೆ ಹುಟ್ಟಿದ ಬಗೆಯನ್ನು ಹೇಳಿದಾಕ್ಷಣ ಅದು ಸುಳ್ಳೆಂದು ಸಿದ್ಧವಾಗುವುದಿಲ್ಲ. ಹಗ್ಗವನ್ನು ಕಂಡು ಹಾವೆಂದು ಬೆಚ್ಚುವ ದೃಷ್ಟಾಂತ ನಮ್ಮ ದರ್ಶನಗಳಲ್ಲಿ ಹಳೆಯದು. ಮನುಷ್ಯ ಕತ್ತಲಲ್ಲಿ ಏಕೆ ಬೆಚ್ಚುತ್ತಾನೆ ಎಂದು ಎಷ್ಟು ವಿವರಿಸಿದರೂ ಮುಂದೆ ಬಿದ್ದಿರುವುದು ಹಗ್ಗವೋ ಹಾವೋ ಎಂದು ತಿಳಿಯುವುದಿಲ್ಲ, ಅದಕ್ಕೆ ದೀಪವನ್ನೇ ತರಬೇಕು. ಮೇಲಾಗಿ, ಎಲ್ಲ ನಂಬಿಕೆಗಳೂ ಮಿದುಳಿನ ವಿಕಾಸದ ಫಲವಾದರೆ ಅಪನಂಬಿಕೆಯೂ ಅದರ ಫಲವೇ, ಗಣಿತವೂ ಅದರ ಫಲವೇ. ‘ನೀನು ಹೀಗೇಕೆ ನಂಬುತ್ತೀಯೆಂದು ನನಗೆ ಗೊತ್ತು’ ಎನ್ನುವ ಧಾಟಿಯಲ್ಲಿ ಎದುರಿನವನನ್ನು ವಾದಕ್ಕೆ ಕರೆಯುವುದರ ಬದಲು ರೋಗಿಯಾಗಿ ಮಲಗಿಸುವ ದರ್ಪವೊಂದಿದೆ, ಅದರಿಂದ ಯಾರ ಮನಸ್ಸೂ ಬದಲಾದದ್ದಿಲ್ಲ.

ಪ್ರಶ್ನೆ ಎಂದರೆ ಹೊರಗಿನಿಂದ ಬೀಳುವ ಕಲ್ಲು ಎಂಬ ಭಾವನೆ ಇರುವಷ್ಟು ದಿನ ಈ ಜಗಳ ಮುಗಿಯದು, ಆ ಭಾವನೆಗೆ ಚರಿತ್ರೆಯ ಆಧಾರವೂ ಇಲ್ಲ. ವೇದಕ್ಕೆ ಅತ್ಯಂತ ನಿಷ್ಠವಾದ ಮೀಮಾಂಸಾ ದರ್ಶನದ ಕುಮಾರಿಲ ಭಟ್ಟ, ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪಲಿಲ್ಲ. ಸೃಷ್ಟಿಗೆ ಮೊದಲು ದೇಹವೇ ಇಲ್ಲದವನು ಹೇಗೆ ಸೃಷ್ಟಿಸಿದ, ಯಾವ ಪ್ರಯೋಜನಕ್ಕಾಗಿ ಸೃಷ್ಟಿಸಿದ, ದಯಾಳುವಾದರೆ ಇಷ್ಟು ದುಃಖವನ್ನು ಏಕೆ ಸೇರಿಸಿದ ಎಂದು ಕೇಳಿದ. ನ್ಯಾಯ ದರ್ಶನದ ಉದಯನಾಚಾರ್ಯ ಈಶ್ವರನಿದ್ದಾನೆ ಎಂಬುದಕ್ಕೆ ಯುಕ್ತಿಗಳನ್ನು ಸಾಲಾಗಿ ಜೋಡಿಸಿದರೆ, ಪರಮಭಕ್ತರಾದ ರಾಮಾನುಜಾಚಾರ್ಯರು ಈಶ್ವರನನ್ನು ಅನುಮಾನದಿಂದ ಸಾಧಿಸಲಾಗದು, ಅವನು ಶಾಸ್ತ್ರದಿಂದಲೇ ತಿಳಿಯಬೇಕಾದವನು ಎಂದು ಆ ಬಗೆಯ ಯುಕ್ತಿಗಳನ್ನು ಖಂಡಿಸಿದರು. (ಶಾಸ್ತ್ರದಲ್ಲಿ ಅನುಮಾನ ಎಂದರೆ ತರ್ಕದಿಂದ ಪಡೆದ ಜ್ಞಾನ, ಮನೆಮಾತಿನಲ್ಲಿ ಅನುಮಾನ ಎಂದರೆ ಸಂಶಯ, ಒಂದೇ ಪದ ಈ ಎರಡು ಅರ್ಥಗಳಿಗೆ ಹರಿದದ್ದು ಆಕಸ್ಮಿಕವಿರಲಿಕ್ಕಿಲ್ಲ.) ಪ್ಲೇಟೋ ಬರೆದ ಸಂವಾದವೊಂದರಲ್ಲಿ ಸಾಕ್ರಟೀಸ್ ಕೇಳುವ ಪ್ರಶ್ನೆಯೂ ಇದೇ ಜಾತಿಯದು: ದೇವತೆಗಳು ಮೆಚ್ಚುತ್ತಾರೆಂದು ಅದು ಪುಣ್ಯಕಾರ್ಯವೋ, ಪುಣ್ಯಕಾರ್ಯವೆಂದು ದೇವತೆಗಳು ಮೆಚ್ಚುತ್ತಾರೋ? ಬೈಬಲ್ಲಿನ ಯೋಬ ತನ್ನ ಸಂಕಟಕ್ಕೆ ಕಾರಣ ಕೊಡು ಎಂದು ದೇವರನ್ನೇ ಕಟಕಟೆಗೆ ಕರೆಯುತ್ತಾನೆ. ಕೊನೆಯಲ್ಲಿ ದೇವರು ಗದರಿಸುವುದು, ದೇವರ ಪರವಾಗಿ ವಿವರಣೆಗಳನ್ನು ಹೆಣೆದು ಯೋಬನ ಬಾಯಿ ಮುಚ್ಚಿಸಲು ಬಂದಿದ್ದ ಸ್ನೇಹಿತರನ್ನು. ಆ ಕಥೆಯಲ್ಲಿ ನನಗೆ ತುಂಬ ಹಿಡಿಸುವ ತಿರುವು ಅದು.

ಭಾವನೆಗೆ ನೋವಾಗುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ನೋವು ನಿಜ. ಆದರೆ ವ್ಯಕ್ತಿಗೆ ಮಾಡುವ ಅವಮಾನ ಮತ್ತು ಅವನು ಒಪ್ಪಿರುವ ಮಾತಿಗೆ ಎತ್ತುವ ಆಕ್ಷೇಪ ಬೇರೆ ಬೇರೆ, ಕಾನೂನು ಕಾಯಬೇಕಾದದ್ದು ವ್ಯಕ್ತಿಯನ್ನು. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಈ ಗೆರೆಯನ್ನು ಎಳೆದಿದೆ: ಧಾರ್ಮಿಕ ದ್ವೇಷವನ್ನು ಕೆರಳಿಸಿ ತಾರತಮ್ಯಕ್ಕೋ ಹಿಂಸೆಗೋ ಪ್ರಚೋದಿಸುವುದನ್ನು ನಿಷೇಧಿಸಬೇಕು ಎಂದು ಅದು ಹೇಳುತ್ತದೆ. ಅದರ ಪಾಲನೆಯನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2011ರಲ್ಲಿ, ಅಂಥ ಪ್ರಚೋದನೆಯನ್ನು ಬಿಟ್ಟರೆ ಧರ್ಮಕ್ಕೆ ಅಗೌರವ ತೋರಿದರೆಂಬ ಕಾರಣಕ್ಕೆ ಶಿಕ್ಷಿಸುವ ಕಾನೂನುಗಳು ಒಡಂಬಡಿಕೆಗೆ ವಿರುದ್ಧ ಎಂದು ಸ್ಪಷ್ಟಪಡಿಸಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಪ್ರಕಾರ 2019ರಲ್ಲಿ, ಅದು ಅಧ್ಯಯನ ಮಾಡಿದ 198 ದೇಶ ಮತ್ತು ಪ್ರದೇಶಗಳಲ್ಲಿ 79 ಕಡೆ ಧರ್ಮನಿಂದನೆಯ ವಿರುದ್ಧ ಕಾನೂನು ಇತ್ತು, 22 ಕಡೆ ಧರ್ಮವನ್ನು ತೊರೆಯುವುದೇ ಅಪರಾಧವಾಗಿತ್ತು. ಡೆನ್ಮಾರ್ಕ್ 2017ರಲ್ಲಿ ಅಂಥ ಹಳೆಯ ಕಾನೂನನ್ನು ಕೈಬಿಟ್ಟು, 2023ರಲ್ಲಿ ಧರ್ಮಗ್ರಂಥಗಳನ್ನು ಸಾರ್ವಜನಿಕವಾಗಿ ಸುಡುವುದು, ಹರಿಯುವುದರ ವಿರುದ್ಧ ಹೊಸದೊಂದನ್ನು ತಂದಿತು. ಗ್ರಂಥವನ್ನು ಸುಡುವುದು ಪ್ರಶ್ನೆ ಕೇಳುವ ಬಗೆಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಈ ಹಿಂದೆಮುಂದೆ ಓಡಾಟ ಗೆರೆ ಎಷ್ಟು ಜಾರುವಂಥದ್ದು ಎಂದು ತೋರಿಸುತ್ತದೆ. ಪ್ರಶ್ನಿಸುವವರ ಮೇಲೂ ಒಂದು ಹೊಣೆ ಇದೆ. ಸದಾ ನೆರೆಯವರ ಧರ್ಮದ ಮೇಲೆಯೇ ತೆರೆಯುವ ಬಾಯಿಗೆ ವೈಚಾರಿಕತೆ ಎಂಬ ಹೆಸರು ಒಪ್ಪುವುದಿಲ್ಲ. ಅದೇ ಪ್ರಶ್ನೆಯನ್ನು ಅಷ್ಟೇ ಗಟ್ಟಿ ದನಿಯಲ್ಲಿ ತನ್ನ ಮನೆಯಲ್ಲಿ ಕೇಳಿದ ಮೇಲೆ ಹೊರಗೆ ಕೇಳಿದರೆ ಅದಕ್ಕೊಂದು ತೂಕ ಬರುತ್ತದೆ.

ಹಡಗಿನಲ್ಲಿ ಯಾರಿದ್ದಾರೆ ಎಂಬ ಅಳತೆಗೋಲನ್ನು ನ್ಯಾಯಾಲಯಗಳೂ ತಮ್ಮದೇ ಭಾಷೆಯಲ್ಲಿ ಬಳಸಿವೆ. ಜೆಹೋವನ ಸಾಕ್ಷಿಗಳು ಎಂಬ ಪಂಥದವರು ರಕ್ತ ತೆಗೆದುಕೊಳ್ಳುವುದು ದೇವರ ಆಜ್ಞೆಗೆ ವಿರುದ್ಧವೆಂದು ನಂಬುತ್ತಾರೆ. ತಿಳಿವಳಿಕೆಯುಳ್ಳ ವಯಸ್ಕನೊಬ್ಬ, ಸತ್ತರೂ ಚಿಂತೆಯಿಲ್ಲ, ನನಗೆ ರಕ್ತ ಬೇಡ ಎಂದರೆ ಅನೇಕ ದೇಶಗಳಲ್ಲಿ ವೈದ್ಯರು ಅವನ ಮಾತಿಗೆ ತಲೆಬಾಗಬೇಕು. ಅದೇ ನಂಬಿಕೆಯ ತಂದೆ ತಾಯಿ ತಮ್ಮ ಮಗುವಿನ ಪರವಾಗಿ ಹಾಗೆ ಹೇಳಿದರೆ ನ್ಯಾಯಾಲಯ ಮಧ್ಯೆ ಬಂದು ರಕ್ತ ಕೊಡಿಸುತ್ತದೆ. ನಂಬಿಕೆ ಎರಡು ಕಡೆಯೂ ಒಂದೇ, ಅದರ ಪ್ರಾಮಾಣಿಕತೆಯೂ ಒಂದೇ. ಇದೇ ಪಂಥಕ್ಕೆ ಸೇರಿದ, ಆದರೆ ರಕ್ತಕ್ಕೆ ಸಂಬಂಧಿಸದ ಪ್ರಕರಣವೊಂದರಲ್ಲಿ, ಮಗುವಿನಿಂದ ಬೀದಿಯಲ್ಲಿ ಧಾರ್ಮಿಕ ಪತ್ರಿಕೆ ಹಂಚಿಸಿದ ಪೋಷಕಿಯ ವಿಚಾರಣೆಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 1944ರಲ್ಲಿ ಹೇಳಿದ ಮಾತಿನ ತಾತ್ಪರ್ಯ ಇದು: ತಂದೆ ತಾಯಿ ತಾವು ಹುತಾತ್ಮರಾಗಲು ಸ್ವತಂತ್ರರು, ಮಕ್ಕಳು ತಾವೇ ಆ ಆಯ್ಕೆ ಮಾಡುವ ವಯಸ್ಸಿಗೆ ಬರುವ ಮೊದಲು ಅವರನ್ನು ಹುತಾತ್ಮರಾಗಿಸಲು ಸ್ವತಂತ್ರರಲ್ಲ.

ಆ ವಯಸ್ಸಿಗೆ ಬಂದವರು ಆಯ್ಕೆ ಮಾಡಬಲ್ಲರೇ ಎಂಬುದು ಮಾತ್ರ ಅವರೊಬ್ಬರ ಕೈಯಲ್ಲಿಲ್ಲ, ಏಕೆಂದರೆ ಪ್ರಶ್ನೆ ಕೇಳಿದ್ದಕ್ಕೆ ತೆರಬೇಕಾದ ಬೆಲೆಯನ್ನು ಸುತ್ತಲಿನವರು ನಿರ್ಧರಿಸುತ್ತಾರೆ. ಗಂಟೆ ಬಾರಿಸುವವನಿಗೆ ಸಿಡಿಲಿನ ಭಯದಷ್ಟೇ ಹಗ್ಗ ಕೈಬಿಟ್ಟರೆ ಊರವರು ಏನೆಂದಾರು ಎಂಬ ಭಯವೂ ಇದ್ದಿರಬೇಕು. ಬ್ರಿಟನ್ನಿನಲ್ಲಿ ಧರ್ಮನಿಂದನೆಗಾಗಿ ಗಲ್ಲಿಗೇರಿದ ಕೊನೆಯ ವ್ಯಕ್ತಿ ಥಾಮಸ್ ಐಕನ್‌ಹೆಡ್, ಎಡಿನ್‌ಬರೊ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ಕ್ರೈಸ್ತ ಧರ್ಮಶಾಸ್ತ್ರ ಅಸಂಬದ್ಧಗಳ ಕಂತೆ ಎಂದು ಅವನು ಗೆಳೆಯರ ನಡುವೆ ಹೇಳಿದ್ದ. ತಪ್ಪಾಯಿತೆಂದು ಬೇಡಿಕೊಂಡು ಅರ್ಜಿ ಬರೆದ, ಫಲವಾಗಲಿಲ್ಲ. 1697ರ ಜನವರಿಯಲ್ಲಿ ಅವನನ್ನು ಗಲ್ಲಿಗೇರಿಸಿದಾಗ ಅವನಿಗೆ 20 ವರ್ಷ. ಅವನ ವಿರುದ್ಧ ಸಾಕ್ಷಿ ಹೇಳಿದವರು ಅವನ ಜೊತೆ ಓದುತ್ತಿದ್ದ ಹುಡುಗರು.